ಬಿಗಿದ ಸ್ಟೀರಿಂಗ್

ತಂದೆಯವರ ಮರಣಾನಂತರ ಎರಡು ಮಳೆಗಾಲ ಅವರ ಹಳೆಯ ಟ್ರ್ಯಾಕ್ಟರ್ ಮನೆಯ ಹಿಂದೆಯೇ ನಿಂತಿತ್ತು. ಆಸ್ತಿಯ ವಿಚಾರದಲ್ಲಿ ಮಾತು ಬಿಟ್ಟಿದ್ದ ಸಹೋದರರಾದ ನಾವಿಬ್ಬರೂ ಬಿತ್ತನೆಯ ಅನಿವಾರ್ಯತೆಯಿಂದ ಅದರ ದುರಸ್ತಿಗೆ ಕೈಹಾಕಿದೆವು.

ಸ್ಟೀರಿಂಗ್ ಚಕ್ರವು ತುಕ್ಕು ಹಿಡಿದು ದಂಡಕ್ಕೆ ಕಚ್ಚಿಕೊಂಡಿತ್ತು. ಸುತ್ತಿಗೆಯೆತ್ತಿದಾಗ ಹಿರಿಯ ಮೆಕ್ಯಾನಿಕರೊಬ್ಬರು ತಡೆದರು: “ದಂಡದ ತಲೆಗೆ ಹೊಡೆದರೆ ಥ್ರೆಡ್ ಕೆಡುತ್ತದೆ, ಒಳಗಿನ ಬೇರಿಂಗಿಗೂ ಪೆಟ್ಟು.”

ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ರಾತ್ರಿ ಇಂಗಗೊಟ್ಟೆವು. ಚಕ್ರವು ಹಠಾತ್ತನೆ ಕಿತ್ತು ಮುಖಕ್ಕೆ ಬಡಿಯದಂತೆ ನಟ್ಟನ್ನು ಸಡಿಲಿಸಿ ದಂಡದ ತುದಿಯಲ್ಲೇ ಉಳಿಸಿದೆವು. ಹಿಡಿಯುವವರೊಬ್ಬರು, ತಿರುಗಿಸುವವರೊಬ್ಬರಾಗಿ ಪುಲ್ಲರಿನ ಬೋಲ್ಟನ್ನು ಕಾಲು ಕಾಲು ಸುತ್ತು ಬಿಗಿದೆವು. ಟಕ್ಕೆಂದು ಚಕ್ರ ಬಿಟ್ಟುಕೊಂಡಿತು.

ಅಂದು ತಾಯಿಯವರು ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ಬಡಿಸಿದರು. ತುಕ್ಕು ಹಿಡಿದ ಸಂಬಂಧಕ್ಕೂ ಸುತ್ತಿಗೆಗಿಂತ ಎಣ್ಣೆಯೇ ಲೇಸೆಂಬುದು ನಮಗೆ ಮನವರಿಕೆಯಾಯಿತು.