ಲೇನಿಯರ್ ದಂಡೆಯಲ್ಲಿ ದೋಣಿ ಇಳಿಸುವ ಹೊತ್ತು

ಅಮೆರಿಕದ ಅಟ್ಲಾಂಟಾ ನಗರದಿಂದ ಈಶಾನ್ಯಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ಲೇನಿಯರ್ ಸರೋವರ ಸಿಗುತ್ತದೆ. ಸರೋವರವೆಂದು ಕರೆದರೂ ಇದು ನಿಜಕ್ಕೂ ಹಿನ್ನೀರು. ಚಟ್ಟಹೂಚಿ ನದಿಗೆ 1950ರ ದಶಕದಲ್ಲಿ ಬ್ಯೂಫರ್ಡ್ ಎಂಬಲ್ಲಿ ಅಣೆಕಟ್ಟು ಕಟ್ಟಿದಾಗ ಜಾರ್ಜಿಯಾದ ಕೆಂಪು ಮಣ್ಣಿನ ಗುಡ್ಡಗಳ ನಡುವೆ 38 ಸಾವಿರ ಎಕರೆಯಷ್ಟು ನೀರು ಹರಡಿಕೊಂಡಿತು. ನೂರಾರು ಕುಟುಂಬಗಳು ಮನೆ, ಹೊಲ ಬಿಟ್ಟು ಎದ್ದು ಹೋದವು. ಈ ನದಿಯ ಮೇಲೆ ಪದ್ಯ ಬರೆದ 19ನೇ ಶತಮಾನದ ಕವಿ ಸಿಡ್ನಿ ಲೇನಿಯರ್ ಹೆಸರನ್ನೇ ಈ ನೀರಿಗೆ ಇಟ್ಟರು. ಹಿನ್ನೀರಿಗೆ ಕವಿಯ ಹೆಸರು ಸಿಗುವುದು ಎಲ್ಲಿಯೂ ಅಪರೂಪವೇ.

ಈ ಹಿನ್ನೀರಿನ ದಂಡೆ ಒಂದು ಸಾವಿರ ಕಿಲೋಮೀಟರಿಗೂ ಉದ್ದ. ಬೆರಳು ಚಾಚಿದಂತೆ ಒಳಚಾಚುಗಳು, ಪೈನ್ ಮರಗಳು, ಅಲ್ಲಲ್ಲಿ ಮರದ ಕಟ್ಟೆಗಳು. 1996ರ ಒಲಿಂಪಿಕ್ಸ್‌ನ ಹುಟ್ಟುಹಾಕುವ ಸ್ಪರ್ಧೆಗಳು ಇದರ ದಂಡೆಯ ಗೇನ್ಸ್‌ವಿಲ್ ಊರಿನ ಬಳಿ ನಡೆದವು. ಪ್ರವಾಸಿಗರು ಸಾಮಾನ್ಯವಾಗಿ ನೋಡುವುದು ಇವನ್ನೇ. ಆದರೆ ನಿಜವಾದ ನಾಟಕ ನಡೆಯುವುದು ರ‍್ಯಾಂಪುಗಳಲ್ಲಿ; ಅಂದರೆ ದಂಡೆಯಿಂದ ನೀರೊಳಗೆ ಇಳಿಜಾರಾಗಿ ಹೋಗುವ ಕಾಂಕ್ರೀಟ್ ಹಾದಿಗಳಲ್ಲಿ. ನಮ್ಮಲ್ಲಿ ಎತ್ತಿನಗಾಡಿಯನ್ನು ಹೊಳೆಗೆ ಇಳಿಸಿದಂತೆ ಇಲ್ಲಿ ಜನ ದೋಣಿಗಳನ್ನು ಇಳಿಸುತ್ತಾರೆ.

ಮೀನುಗಾರರ ಮೋಟಾರು ದೋಣಿಯಾದರೆ ಐದು ನಿಮಿಷದ ಕೆಲಸ. ಅದರ ತಳ ಚಪ್ಪಟೆ. ಟ್ರೇಲರನ್ನು ಹಿಂದಕ್ಕೆ ದೂಡಿದರೆ ದೋಣಿ ಬಾತುಕೋಳಿಯಂತೆ ತೇಲಿ ಹೋಗುತ್ತದೆ. ಕಷ್ಟವಿರುವುದು ಕೀಲ್ ಇರುವ ಹಾಯಿದೋಣಿಗೆ.

<b>ಕೀಲಿನ ಕಥೆ</b>

ನಮ್ಮ ಮೊಣಕಾಲಿನ ಕೀಲಿಗೂ ಈ ಕೀಲ್‌ಗೂ ಸಂಬಂಧವಿಲ್ಲ. ಇದು ದೋಣಿಯ ಹೊಟ್ಟೆಯಿಂದ ಕೆಳಕ್ಕೆ ಇಳಿದಿರುವ ಭಾರವಾದ ರೆಕ್ಕೆ. ಗಾಳಿ ಹಾಯಿಯನ್ನು ಪಕ್ಕಕ್ಕೆ ಒತ್ತಿದಾಗ ದೋಣಿ ಮಗುಚದಂತೆ ತಡೆಯುವುದು ಇದರ ಭಾರ. ಅಡ್ಡಡ್ಡ ಜಾರದಂತೆ ಹಿಡಿಯುವುದು ಇದರ ಅಗಲ. ನೀರಿನಲ್ಲಿ ಯಾವುದು ದೋಣಿಯನ್ನು ಕಾಯುತ್ತದೋ, ದಂಡೆಯಲ್ಲಿ ಅದೇ ದೊಡ್ಡ ತೊಡಕು.

ನಾನು ಅಲ್ಲಿಗೆ ಹೋದದ್ದು ಅಕ್ಟೋಬರ್ ಕೊನೆಯಲ್ಲಿ. ಹಾಸನದ ಕಡೆಯಿಂದ ಹೋಗಿ ಅಲ್ಲಿ ನೆಲೆಸಿ ಮೂವತ್ತು ವರ್ಷ ದಾಟಿದ ಮಿತ್ರರೊಬ್ಬರ ಬಳಿ ಕ್ಯಾಟಲಿನಾ 22 ಎಂಬ ದೋಣಿಯಿದೆ. 1969ರಿಂದ ತಯಾರಾದ ಈ ಮಾದರಿ ಅಮೆರಿಕದ ಸಾಮಾನ್ಯ ಜನರ ಹಾಯಿದೋಣಿ. ಹದಿನೈದು ಸಾವಿರಕ್ಕೂ ಹೆಚ್ಚು ದೋಣಿಗಳು ನೀರಿಗೆ ಇಳಿದಿವೆ. ಉದ್ದ ಇಪ್ಪತ್ತೊಂದೂವರೆ ಅಡಿ, ತೂಕ ಒಂದು ಟನ್ನಿಗೂ ಮಿಗಿಲು. ಇದರಲ್ಲಿ ಎರಡು ಬಗೆ. ಒಂದರಲ್ಲಿ ಸುಮಾರು 250 ಕಿಲೋ ತೂಕದ ಬೀಡುಕಬ್ಬಿಣದ ಕೀಲನ್ನು ಹಗ್ಗದಂಥ ಉಕ್ಕಿನ ತಂತಿಯಿಂದ ಮೇಲಕ್ಕೆ ಮಡಚಬಹುದು. ಆಗ ದೋಣಿಗೆ ಎರಡು ಅಡಿ ನೀರು ಸಾಕು. ಇನ್ನೊಂದರಲ್ಲಿ ಕೀಲ್ ಮಡಚುವುದಿಲ್ಲ. ಸದಾ ಮೂರೂವರೆ ಅಡಿ ಕೆಳಗಿಳಿದೇ ಇರುತ್ತದೆ. ಮಿತ್ರರದು ಈ ಎರಡನೆಯ ಬಗೆ.

ಲೆಕ್ಕ ಹಾಕಿ ನೋಡಿ. ಟ್ರೇಲರಿನ ಮೇಲೆ ಕೀಲಿನ ತುದಿ ನೆಲದಿಂದ ಒಂದಡಿ ಮೇಲಿದ್ದರೂ ದೋಣಿ ತೇಲಬೇಕಾದರೆ ಆ ಜಾಗದಲ್ಲಿ ನಾಲ್ಕೂವರೆ, ಐದು ಅಡಿ ನೀರು ಬೇಕು. ರ‍್ಯಾಂಪು ಏಳು ಅಡಿಗೆ ಒಂದಡಿಯಂತೆ ಇಳಿಯುತ್ತದೆ ಎನ್ನೋಣ. ಅಷ್ಟು ಆಳ ಸಿಗುವುದು ನೀರಿನ ಅಂಚಿನಿಂದ ಮೂವತ್ತೈದು ಅಡಿ ಆಚೆ. ಟ್ರೇಲರಿನ ಮೂತಿ ಕೀಲಿನಿಂದ ಹದಿನೈದು ಅಡಿ ಮುಂದಿದೆ. ಅಂದರೆ ಟ್ರೇಲರನ್ನು ನೇರವಾಗಿ ಕಾರಿಗೇ ಸಿಕ್ಕಿಸಿದ್ದರೆ ಕಾರಿನ ಹಿಂಬದಿ ಇಪ್ಪತ್ತು ಅಡಿ ನೀರೊಳಗೆ ಹೋಗಬೇಕು! ದೋಣಿ ತೇಲುವ ಮೊದಲು ಕಾರು ತೇಲುತ್ತದೆ.

<b>ಪಟ್ಟಿಯ ನಂಬಿಕೆ</b>

ಅದಕ್ಕೆ ಉಪಾಯ ಎರಡು. ಟ್ರೇಲರಿನ ಮೂತಿಗೆ ಉದ್ದನೆಯ ಕಬ್ಬಿಣದ ಕೊಳವೆ ಸೇರಿಸುವುದು ಒಂದು. ಗಟ್ಟಿ ನೈಲಾನ್ ಪಟ್ಟಿ ಕಟ್ಟಿ ಇಳಿಬಿಡುವುದು ಇನ್ನೊಂದು. ಮಿತ್ರರು ನೆಚ್ಚಿಕೊಂಡಿರುವುದು ಪಟ್ಟಿಯನ್ನು.

ಇಳಿಸುವ ಕ್ರಮ ಹೀಗೆ. ಮೊದಲು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹಾಯಿಕಂಬ ಎತ್ತಬೇಕು. ಎತ್ತುವ ಮೊದಲು ತಲೆಯೆತ್ತಿ ನೋಡಬೇಕು. ಇಪ್ಪತ್ತೈದು ಅಡಿ ಅಲ್ಯೂಮಿನಿಯಂ ಕಂಬ ವಿದ್ಯುತ್ ತಂತಿಗೆ ತಾಗಿದರೆ ಅಲ್ಲಿಗೆ ಎಲ್ಲವೂ ಮುಗಿಯಿತು. ಹೆದ್ದಾರಿಯಲ್ಲಿ ಓಡಿ ಕಾದ ಚಕ್ರಗಳನ್ನು ಆರಲು ಬಿಡಬೇಕು. ಕಾದ ಬೇರಿಂಗ್ ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ; ಗ್ರೀಸು ಕೆಟ್ಟು ಮುಂದೊಂದು ದಿನ ದಾರಿ ಮಧ್ಯೆ ಚಕ್ರ ಕೈಕೊಡುತ್ತದೆ. ಟ್ರೇಲರಿನ ದೀಪದ ತಂತಿ ಬಿಚ್ಚಬೇಕು.

ಆಮೇಲೆ ರ‍್ಯಾಂಪಿನ ತಲೆಯಲ್ಲಿ ಟ್ರೇಲರಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಮೂತಿಯ ಕೆಳಗಿನ ಪುಟ್ಟ ಚಕ್ರವನ್ನು ಇಳಿಸಿ, ಕಾರಿನಿಂದ ಬೇರ್ಪಡಿಸುತ್ತಾರೆ. ಕಾರಿಗೂ ಟ್ರೇಲರಿಗೂ ನಡುವೆ ಪಟ್ಟಿ ಬಿಗಿಯುತ್ತಾರೆ. ಕಾರು ಕೊಂಚ ಮುಂದೆ ಹೋಗಿ ಪಟ್ಟಿ ಬಿಗಿಯಾದ ಮೇಲೆಯೇ ಅಡ್ಡಗಟ್ಟೆ ತೆಗೆಯುವುದು. ಆ ಕ್ಷಣದಿಂದ ಟನ್ನಿಗೂ ಮಿಗಿಲಾದ ಭಾರ ಒಂದು ಪಟ್ಟಿಯನ್ನೇ ನಂಬಿ ಇಳಿಜಾರಿನಲ್ಲಿ ನಿಂತಿರುತ್ತದೆ. ಹಿಂದೆಯಾಗಲಿ, ಪಟ್ಟಿಯ ಪಕ್ಕದಲ್ಲಾಗಲಿ ಯಾರೂ ನಿಲ್ಲಕೂಡದು. ದೋಣಿಯ ಮೂತಿಯ ಕೊಂಡಿಯನ್ನಂತೂ ಅದು ತೇಲುವವರೆಗೆ ಬಿಚ್ಚುವ ಹಾಗೇ ಇಲ್ಲ.

<b>ನೀರು ಇಳಿದ ವರ್ಷ</b>

2007ರ ಬರಗಾಲದ ಮಾತು ತೆಗೆದರೆ ಇಲ್ಲಿಯ ದೋಣಿಯವರು ಇಂದಿಗೂ ಗಂಭೀರರಾಗುತ್ತಾರೆ. ಸಮುದ್ರಮಟ್ಟದಿಂದ 1,071 ಅಡಿ ಇರಬೇಕಾದ ನೀರು ಆ ವರ್ಷದ ಡಿಸೆಂಬರಿನಲ್ಲಿ 1,051 ಅಡಿಗೂ ಕೆಳಗಿಳಿಯಿತು. ಇಪ್ಪತ್ತು ಅಡಿ ನೀರು ಇಳಿದರೆ ರ‍್ಯಾಂಪಿನ ಮೇಲೆ ಅಂಚು ನೂರ ನಲವತ್ತು ಅಡಿ ಹಿಂದೆ ಸರಿಯುತ್ತದೆ. ಕಾಂಕ್ರೀಟು ಮುಗಿದು ಕೆಸರು ಶುರುವಾದ ಕಡೆಯೆಲ್ಲ ರ‍್ಯಾಂಪುಗಳಿಗೆ ಬಾಗಿಲು ಬಿತ್ತು. ಮುಳುಗಿದ್ದ ಹಳೆಯ ಕಾರ್ ರೇಸಿನ ಮೈದಾನದ ಮೆಟ್ಟಿಲುಗಳು ಎದ್ದು ಕಂಡವು. ಸಕಾಲದಲ್ಲಿ ಎತ್ತದ ದೋಣಿಗಳ ಕೀಲು ಕೆಸರಿನಲ್ಲಿ ಊರಿಕೊಂಡಿತು ಎಂದು ಮಿತ್ರರು ಹೇಳಿದರು.

ಈ ನೀರಿಗೆ ಜಗಳವೂ ಉಂಟು. ಮೇಲಿನ ಜಾರ್ಜಿಯಾ ಹೆಚ್ಚು ಬಳಸಿದ್ದರಿಂದ ಕೆಳಗಿನ ತನ್ನ ಸಿಂಪಿ ಕಸುಬು ಕೆಟ್ಟಿತೆಂದು ಫ್ಲಾರಿಡಾ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2021ರಲ್ಲಿ ನ್ಯಾಯಾಲಯ ಆ ದೂರನ್ನು ತಳ್ಳಿಹಾಕಿತು. ಕನ್ನಂಬಾಡಿಯ ಮಟ್ಟವನ್ನು ದಿನಾ ಪತ್ರಿಕೆಯಲ್ಲಿ ಓದಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿತ್ರರೂ ಬೆಳಿಗ್ಗೆ ಕಾಫಿಗೆ ಮುಂಚೆ ನೋಡುವುದು ಸರೋವರದ ಮಟ್ಟವನ್ನೇ.

<b>ಮರಳಿ ದಂಡೆಗೆ</b>

ಇಳಿಸುವುದಕ್ಕಿಂತ ಎತ್ತುವುದು ಕಷ್ಟ. ಚಳಿಗಾಲಕ್ಕೆ ಮುನ್ನ ಮಿತ್ರರು ದೋಣಿ ಎತ್ತಿದ ದಿನ ಪಕ್ಕದಿಂದ ಗಾಳಿ ಬೀಸುತ್ತಿತ್ತು. ಅವರಿಗೆ ಅರವತ್ತೆಂಟು. ಇಬ್ಬರೇ ಸೇರಿ ಎತ್ತಲು ಆಗದ ದಿನ ದೋಣಿ ಮಾರುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಆದ್ದರಿಂದ ನನ್ನ ಕೈ ಸಹಾಯಕ್ಕೆ ಅಲ್ಲಿ ಅವಕಾಶವಿರಲಿಲ್ಲ.

ಮುಳುಗಿದ ಟ್ರೇಲರು ಕಾಣುವುದಿಲ್ಲ. ಅದರ ಎರಡು ಬದಿ ನೆಟ್ಟ ಬಿಳಿ ಕೊಳವೆಗಳು ಮಾತ್ರ ನೀರಿನ ಮೇಲೆ ಕಾಣುತ್ತವೆ. ಅವುಗಳ ನಡುವೆ ದೋಣಿ ತಂದು, ಕಣ್ಣಿಗೆ ಬೀಳದ ಕೀಲನ್ನು ಅದರ ಗಾಡಿಯಲ್ಲಿ ಕೂರಿಸಬೇಕು. ಮೋಟಾರಿನ ರಭಸದಿಂದ ನುಗ್ಗಿಸುವಂತಿಲ್ಲ; ಆ ಸೆಳೆತ ರ‍್ಯಾಂಪಿನ ತುದಿಯ ಮಣ್ಣು ಕೊರೆದು ಗುಂಡಿ ಮಾಡುತ್ತದೆ. ಮಿತ್ರರು ಸೊಂಟದ ನೀರಿನಲ್ಲಿ ನಿಂತು ಹಗ್ಗ ಹಿಡಿದರು. ಅವರ ಹೆಂಡತಿ ಕಾರಿನಲ್ಲಿ.

ಮೊದಲ ಸಲ ಕಾರು ಎಳೆದಾಗ ಹಾಯಿಕಂಬ ಒಂದು ಬದಿಗೆ ವಾಲಿತು. ಕೀಲು ಗಾಡಿಯಲ್ಲಿ ಕೂತಿರಲಿಲ್ಲ. "ಸ್ಟಾಪ್" ಎನ್ನುವ ಬದಲು "ತಡಿ, ತಡಿ" ಎಂದು ಹಾಸನದ ಕನ್ನಡವೇ ಹೊರಬಿತ್ತು. ಹಾಗೇ ಎಳೆದಿದ್ದರೆ ದೋಣಿ ಕಾಂಕ್ರೀಟಿನ ಮೇಲೆ ಮಗ್ಗುಲಾಗುತ್ತಿತ್ತು. ಮತ್ತೆ ನೀರಿಗೆ ಬಿಟ್ಟರು. ಸರದಿಯಲ್ಲಿ ಕಾಯುತ್ತಿದ್ದ ಮೀನುಗಾರರು ಹಾರ್ನ್ ಹಾಕಲಿಲ್ಲ. ಒಬ್ಬ ಟೋಪಿ ತೆಗೆದು ತಲೆ ಕೆರೆದುಕೊಂಡ, ಅಷ್ಟೆ. ಗಾಳಿ ಒಂದು ಗಳಿಗೆ ತಗ್ಗಿತು. ಎರಡನೆಯ ಸಲ ಕಂಬ ನೆಟ್ಟಗೆ ನಿಂತೇ ಮೇಲೆ ಬಂತು, ಹೊಟ್ಟೆಯಿಂದ ನೀರು ಸುರಿಸುತ್ತ.

ಸಮತಟ್ಟಿಗೆ ಬಂದ ಮೇಲೆ ಅಡ್ಡಗಟ್ಟೆ, ಕಾರಿನ ಜೋಡಣೆ, ಕಂಬ ಮಲಗಿಸುವುದು, ಎಲ್ಲವೂ ಹಿಂದುಮುಂದಾಗಿ ಅದೇ ಕ್ರಮ. ಒಂದೂವರೆ ಗಂಟೆಯ ಕೆಲಸ. ಮಿತ್ರರ ಹೆಂಡತಿ ಪಟ್ಟಿಯನ್ನು ಅಂಗೈಯಲ್ಲಿ ಉದ್ದಕ್ಕೂ ಸವರಿ ನೋಡಿ, ಒಂದು ಕಡೆ ನೂಲು ಬಿಟ್ಟಿದ್ದನ್ನು ಗಂಡನಿಗೆ ತೋರಿಸಿದರು. "ಏಪ್ರಿಲ್‌ಗೆ ಹೊಸದು ತರೋಣ" ಎಂದರು. ಮಾರುವ ಮಾತನ್ನು ಇಬ್ಬರೂ ಎತ್ತಲಿಲ್ಲ.