ಆಗುಂಬೆಯ ಘಟ್ಟವೂ ಅಣ್ಣನವರ ಮೋಟಾರುಗಾಡಿಯೂ

2023ನೆಯ ಇಸವಿಯ ಕಾರ್ತಿಕಮಾಸದಲ್ಲಿ ಶಿವಮೊಗ್ಗೆಯಿಂದ ಉಡುಪಿಗೆ ಹೋಗಿಬರುವ ಪ್ರಸಂಗವೊಂದು ನಮಗೆ ಒದಗಿತು. ಶ್ರೀಕೃಷ್ಣನ ಲಕ್ಷದೀಪೋತ್ಸವವನ್ನು ನೋಡಬೇಕೆಂಬ ಆಶೆ ನಮ್ಮ ಅತ್ತಿಗೆಯವರಿಗೆ ಬಹುಕಾಲದಿಂದ ಇದ್ದಿತು. ಬಸ್ಸಿನಲ್ಲಿ ಸುಖವಾಗಿ ಹೋಗಬಹುದಾಗಿದ್ದಿತು. ಆದರೆ ಕಾಲವಾದ ನಮ್ಮ ಅಣ್ಣನವರ ಮೋಟಾರುಗಾಡಿಯಲ್ಲಿಯೇ ಹೋಗಬೇಕೆಂಬುದು ಅವರ ಇಚ್ಛೆ. ಪರದೇಶದಲ್ಲಿ ಎಂಜಿನಿಯರಾಗಿ ದುಡಿದು ಹಿಂದಿರುಗಿದ ಅಣ್ಣನವರು 2008ರಲ್ಲಿ ನಲವತ್ತೆರಡು ಲಕ್ಷ ರೂಪಾಯಿ ತೆತ್ತು ಕೊಂಡ ಜರ್ಮನ್ ಗಾಡಿ ಅದು. 2021ರಲ್ಲಿ ಅವರು ತೀರಿಕೊಂಡ ತರುವಾಯ ಹಿತ್ತಲಿನ ಹೆಂಚಿನ ಮಾಡಿನ ಕೆಳಗೆ ನಿಂತುಬಿಟ್ಟಿದ್ದಿತು. ಮಾರಿಬಿಡೋಣವೆಂದು ಮಕ್ಕಳು ಹೇಳಿದಾಗ, "ಇರಲಿ ಬಿಡಿ, ನಿಂತ ಗಾಡಿಗೆ ಖರ್ಚೇನು?" ಎಂದು ಅಡ್ಡ ಬಂದವರು ನಾವೇ. ಮೂವತ್ತೈದು ವರ್ಷ ವ್ಯಾಕರಣಪಾಠ ಹೇಳಿದವನಿಗೆ ಯಂತ್ರದ ವಿಷಯದಲ್ಲಿ ಬಾಯಿಹಾಕುವ ಅಧಿಕಾರ ಎಲ್ಲಿಂದ ಬಂದಿತೆಂದು ವಾಚಕರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ನಿಂತ ಗಾಡಿಗೂ ಖರ್ಚುಂಟೆಂಬುದು ಹೊರಡುವ ಮುಂಚೆಯೇ ತಿಳಿಯಬಂದಿತು. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ಹಿಂದೆ 600 ರೂಪಾಯಿಯಿದ್ದ ಆ ಶುಲ್ಕವು 2022ರ ಏಪ್ರಿಲಿನಿಂದ 5,000 ಆಗಿದ್ದಿತು. ಹೊರದೇಶದಿಂದ ಆಮದಾದ ಗಾಡಿಯಾದರೆ 40,000. ಪುಣ್ಯಕ್ಕೆ ನಮ್ಮದು ಈ ದೇಶದಲ್ಲಿಯೇ ಜೋಡಿಸಿದ್ದು. ಇಪ್ಪತ್ತು ವರ್ಷ ದಾಟಿದವುಗಳ ಶುಲ್ಕವನ್ನು 2025ರಲ್ಲಿ 10,000ಕ್ಕೆ ಏರಿಸಿದ್ದಾರೆ. ಇದರ ಮೇಲೆ ಹಸುರು ತೆರಿಗೆ, ತಪಾಸಣೆ, ವಿಮೆ. ಬ್ಯಾಟರಿ ಸತ್ತಿದ್ದಿತು. ಎಂಜಿನಿನ ಮುಚ್ಚಳವನ್ನೆತ್ತಿ ನೋಡಿದರೆ ಇಲಿಗಳು ಗೂಡು ಕಟ್ಟಿ ವೈರುಗಳನ್ನು ಕಡಿದುಹಾಕಿದ್ದವು; ಮಲೆನಾಡಿನ ಇಲಿಗೆ ಅಡಕೆಗಿಂತಲೂ ವೈರೇ ರುಚಿಯೆಂದು ತೋರುತ್ತದೆ. ಟಯರುಗಳು ಕಣ್ಣಿಗೆ ಹೊಸದರಂತೆಯೇ ಇದ್ದವು. ಆದರೆ ಅಂಗಡಿಯವನು ಅದರ ಪಕ್ಕೆಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ತೋರಿಸಿದನು: 3412. ಎಂದರೆ 2012ನೆಯ ಇಸವಿಯ 34ನೆಯ ವಾರದಲ್ಲಿ ತಯಾರಾದದ್ದು. ಸವೆಯದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆಂದು ಅವನು ಬೆರಳಿನಿಂದ ಒತ್ತಿ ಸಣ್ಣ ಸಣ್ಣ ಬಿರುಕುಗಳನ್ನು ತೋರಿಸಿದನು. ನಾಲ್ಕು ಟಯರಿಗೆ 52,000, ಬ್ಯಾಟರಿಗೆ 16,000, ವೈರು ಜೋಡಿಸಿದ್ದಕ್ಕೆ 9,000. ಗಾಡಿ ಇನ್ನೂ ಹಿತ್ತಲು ಬಿಟ್ಟು ಕದಲಿರಲಿಲ್ಲ.

ಕದಲಿದ ಮೇಲಿನ ಸುಖವನ್ನು ಮಾತ್ರ ಮರೆಮಾಚಬಾರದು. ನಮ್ಮ ಸೋದರಳಿಯನು ನಡೆಸುತ್ತಿದ್ದನು. ನಾವು ಅವನ ಪಕ್ಕದಲ್ಲಿ, ಅತ್ತಿಗೆಯವರು ಹಿಂದೆ. ತುಂಗೆಯ ಮಗ್ಗುಲಲ್ಲಿಯೇ ಸಾಗುವ ದಾರಿ. ಮಂಡಗದ್ದೆಯ ನಡುಗಡ್ಡೆಯ ಮರಗಳಿಂದ ಹಕ್ಕಿಗಳು ಬಹುಮಟ್ಟಿಗೆ ಹೊರಟುಹೋಗಿದ್ದವು. ತೀರ್ಥಹಳ್ಳಿಯಲ್ಲಿ ಕಾಫಿ ಕುಡಿದು ಆಗುಂಬೆಯನ್ನು ಮುಟ್ಟಿ, ಹದಿನಾಲ್ಕು ತಿರುವುಗಳ ಘಟ್ಟವನ್ನು ಇಳಿದು, ಸೋಮೇಶ್ವರ, ಹೆಬ್ರಿಗಳನ್ನು ಹಾಯ್ದು ಉಡುಪಿಯನ್ನು ಸೇರುವವರೆಗೆ ಮಡಿಲಿನಲ್ಲಿದ್ದ ಹೂವಿನ ಬುಟ್ಟಿ ಒಮ್ಮೆಯೂ ಕುಲುಕಲಿಲ್ಲ. "ಅವರು ಓಡಿಸಿದ ಹಾಗೆಯೇ ಇದೆ," ಎಂದು ಅತ್ತಿಗೆಯವರು ಎರಡು ಬಾರಿ ಹೇಳಿದರು. ದೇವರ ದರ್ಶನವೂ ದೀಪೋತ್ಸವವೂ ತೃಪ್ತಿಕರವಾಗಿ ನೆರವೇರಿದವು. ಆ ವೈಭವವನ್ನು ಬಲ್ಲವರು ಬಹಳ ಮಂದಿ ಬರೆದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡಿದಾಗ ಗಾಡಿಯು ಮುಂದಿನ ಬಲಮಗ್ಗುಲಿಗೆ, ಎತ್ತು ಮಂಡಿಯೂರಿದಂತೆ, ಕುಸಿದು ಕುಳಿತಿದ್ದಿತು. ಎಂಜಿನನ್ನು ಹಚ್ಚಿದೊಡನೆ ಒಳಗೆಲ್ಲೋ ಗುರ್ರೆಂಬ ಸದ್ದಾಗಿ ಮೆಲ್ಲನೆ ಎದ್ದು ನಿಂತಿತು. ಎದ್ದಿತಲ್ಲ ಎಂದು ಸಮಾಧಾನಪಟ್ಟು ಹೊರಟೆವು. ಎಚ್ಚರಿಕೆಯನ್ನು ಕೇಳಿಸಿಕೊಳ್ಳದವರಿಗೆ ಎರಡನೆಯ ಎಚ್ಚರಿಕೆ ಘಟ್ಟದಲ್ಲಿ ಕಾದಿದ್ದಿತು.

ಸೋಮೇಶ್ವರದಿಂದ ಏರುತ್ತ ಎಂಟನೆಯ ತಿರುವಿಗೆ ಬರುವಷ್ಟರಲ್ಲಿ ಶಾಖದ ಮುಳ್ಳು ಕೆಂಪನ್ನು ಮುಟ್ಟಿತು. ಒಂದು ಬಗೆಯ ಸಿಹಿಯಾದ ವಾಸನೆ, ಅದರ ಹಿಂದೆಯೇ ಬಿಳಿಯ ಹಬೆ. ಸೋದರಳಿಯನು ನಿಲ್ಲಿಸಿ ಇಳಿದು, ನೀರಿನ ಮುಚ್ಚಳಕ್ಕೆ ಕೈಹಾಕುವವನಿದ್ದನು. ಅಷ್ಟರಲ್ಲಿ ಮೇಲಿನಿಂದ ಬಂದ ಜೀಪಿನ ಚಾಲಕನೊಬ್ಬನು, "ಮುಟ್ಟಬೇಡ ಮಾರಾಯ, ಮುಖ ಬೆಂದುಹೋಗ್ತದೆ!" ಎಂದು ಕೂಗಿ ತಡೆದನು. ಒಳಗಿನ ನೀರು ಒತ್ತಡದಲ್ಲಿರುವುದರಿಂದ ಬಿಸಿಯಿರುವಾಗ ಮುಚ್ಚಳವನ್ನು ತಿರುಗಿಸಿದರೆ ಕುದಿನೀರು ಚಿಮ್ಮುವುದಂತೆ. ಮುಕ್ಕಾಲು ಗಂಟೆ ಕಾದೆವು. ಮಂಗಗಳು ತಡೆಗೋಡೆಯ ಮೇಲೆ ಸಾಲಾಗಿ ಕುಳಿತು ನಮ್ಮನ್ನು ನೋಡುತ್ತಿದ್ದವು. ಆ ಪುಣ್ಯಾತ್ಮನು ಒಡೆದಿದ್ದ ಕೊಳವೆಯ ಬಾಯಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿದು, ಬಂಡೆಯಿಂದ ಇಳಿಯುತ್ತಿದ್ದ ನೀರನ್ನು ತುಂಬಿ, ಒತ್ತಡ ಏರದಿರಲೆಂದು ಮುಚ್ಚಳವನ್ನು ಸಡಿಲಬಿಟ್ಟು, "ನಿಧಾನಕ್ಕೆ ಹೋಗಿ, ಮುಳ್ಳು ಏರಿದರೆ ನಿಂತುಬಿಡಿ," ಎಂದನು. ಹಣವನ್ನು ಮುಟ್ಟಲಿಲ್ಲ. ಎರಡು ಕಡೆ ನಿಂತು ನಿಂತು ಆಗುಂಬೆಯನ್ನು ಸೇರಿದಾಗ ಜನರು ಸೂರ್ಯಾಸ್ತವನ್ನು ನೋಡಿ ಹಿಂದಿರುಗುತ್ತಿದ್ದರು.

ಅಲ್ಲಿಂದ ತೀರ್ಥಹಳ್ಳಿಗೆ ಗಾಡಿಯನ್ನು ಹೊತ್ತೊಯ್ಯುವ ಲಾರಿಯನ್ನು ಕರೆಸಬೇಕಾಯಿತು. ಹಗ್ಗ ಕಟ್ಟಿ ಎಳೆಯಬಾರದೇ ಎಂದು ಕೇಳಿದೆವು. ತಾನೇ ಗೇರು ಬದಲಾಯಿಸಿಕೊಳ್ಳುವ ಗಾಡಿಯಲ್ಲಿ ಎಂಜಿನು ನಿಂತಿದ್ದರೆ ಗೇರುಪೆಟ್ಟಿಗೆಯೊಳಗೆ ಎಣ್ಣೆ ಹರಿಯುವುದಿಲ್ಲ, ಚಕ್ರಗಳು ಉರುಳಿದರೆ ಒಳಗಿನ ಭಾಗಗಳು ಒಣಗಿ ಉಜ್ಜಿಹೋಗುತ್ತವೆ ಎಂಬ ಉತ್ತರ ಬಂದಿತು. ಲಾರಿಗೆ 6,500.

ತೀರ್ಥಹಳ್ಳಿಯ ಮೇಸ್ತ್ರಿ ಮಿತಭಾಷಿ. ಒಡೆದ ಕೊಳವೆಯ ಬಾಯಿಯನ್ನು ಚಿವುಟಿದರೆ ಹಪ್ಪಳದಂತೆ ಪುಡಿಯಾಯಿತು. "ಪ್ಲಾಸ್ಟಿಕ್ಕು, ಮೇಷ್ಟ್ರೇ. ಹದಿನೈದು ವರ್ಷ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ. ಇದೊಂದನ್ನೇ ಹಾಕಿದರೆ ಬರುವ ತಿಂಗಳು ಪಕ್ಕದ್ದು ಒಡೀತದೆ. ಟ್ಯಾಂಕು, ಪೈಪು, ಥರ್ಮೋಸ್ಟಾಟು, ವಾಟರ್ ಪಂಪು ಎಲ್ಲಾ ಒಟ್ಟಿಗೆ ತೆಗೆಯಬೇಕು." ಇನ್ನೊಂದು ಫರ್ಲಾಂಗು ಹಾಗೆಯೇ ಏರಿಸಿದ್ದರೆ ಎಂಜಿನಿನ ಅಲ್ಯೂಮಿನಿಯಂ ತಲೆ ಸೊಟ್ಟಗಾಗಿ, ಗಾಡಿಯ ಬೆಲೆಯನ್ನೇ ರಿಪೇರಿಗೆ ಕೊಡಬೇಕಾಗುತ್ತಿದ್ದಿತೆಂದೂ ಹೇಳಿದನು. ಉಡುಪಿಯಲ್ಲಿ ಮಂಡಿಯೂರಿದ್ದಕ್ಕೂ ಕಾರಣ ತಿಳಿಯಿತು. ಈ ಜಾತಿಯ ಗಾಡಿಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲಗಳಿರುತ್ತವೆ. ಹೂವಿನ ಬುಟ್ಟಿ ಕುಲುಕದಿದ್ದದ್ದು ಅವುಗಳ ದೆಸೆಯಿಂದಲೇ. ರಬ್ಬರು ಬಿರಿದು ಗಾಳಿ ಸೋರತೊಡಗಿದರೆ, ಗಾಳಿ ತುಂಬುವ ಕಂಪ್ರೆಸರು ಬಿಡುವಿಲ್ಲದೆ ದುಡಿದು ಕಡೆಗೆ ಸುಟ್ಟುಹೋಗುತ್ತದೆ. ಚೀಲಕ್ಕೆ ಬಡತನ ತೋರಿದವರು ಕಂಪ್ರೆಸರಿಗೂ ಹಣ ಕಟ್ಟುತ್ತಾರೆ.

ಸಾಮಾನಿಗಾಗಿ ನಾವೂ ಸೋದರಳಿಯನೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಒಂದೆಡೆ ರವೀಂದ್ರ ಕಲಾಕ್ಷೇತ್ರ. ಅಲ್ಲಿ ನಾಟಕಗಳನ್ನು ನೋಡಲು ನಾವು ಎಷ್ಟೋ ಬಾರಿ ಬಂದವರು. ಅದೇ ರಸ್ತೆಯ ಉದ್ದಕ್ಕೂ ಮೋಟಾರು ಸಾಮಾನಿನ ಅಂಗಡಿಗಳಿರುವುದನ್ನು ಕಂಡಿದ್ದೆವೇ ಹೊರತು ನೋಡಿರಲಿಲ್ಲ. ಒಂದೇ ಗಾಳಿಚೀಲಕ್ಕೆ ಮೂರು ಬೆಲೆ: ಕಂಪೆನಿಯ ಮೂಲ ಸಾಮಾನಿಗೆ 46,000, ಬೇರೆಯವರು ತಯಾರಿಸಿದ್ದಕ್ಕೆ 28,000, ಶಿವಾಜಿನಗರದ ಗುಜರಿಯಲ್ಲಿ ಹಳೆಯದಕ್ಕೆ 9,000. ಗುಜರಿಯನ್ನೂ ನೋಡಿ ಬಂದೆವು. ಬಾಗಿಲ ಹಿಡಿ, ಕನ್ನಡಿ, ಗಾಜು, ಆಸನ ಇವುಗಳನ್ನು ಅಲ್ಲಿ ಧಾರಾಳವಾಗಿ ಕೊಳ್ಳಬಹುದು. ರಬ್ಬರಿನ ಸಾಮಾನನ್ನೂ ಬ್ರೇಕಿನ ಸಾಮಾನನ್ನೂ ಕೊಳ್ಳಬಾರದೆಂಬುದು ನಮ್ಮ ಮತ; ನಮ್ಮ ಗಾಡಿಯ ವಯಸ್ಸಿನ ರಬ್ಬರನ್ನೇ ಮತ್ತೆ ಹಣ ಕೊಟ್ಟು ತಂದ ಹಾಗಾಗುತ್ತದೆ. ಅಂಗಡಿಯವರೊಬ್ಬರು, ಚಹಾ ತರಿಸಿ ಕೊಟ್ಟು, ಹೇಳಿದ ಮಾತು ಮನಸ್ಸಿನಲ್ಲಿ ನಿಂತಿದೆ: "ಗಾಡಿ ಬೆಲೆ ಇಳೀತದೆ ಸಾರ್, ಸಾಮಾನಿನ ಬೆಲೆ ಇಳಿಯಲ್ಲ." ನಲವತ್ತೆರಡು ಲಕ್ಷದ ಗಾಡಿ ಮೂರು ಲಕ್ಷಕ್ಕೆ ಬಂದಿದ್ದರೂ ಅದರ ಹೊಟ್ಟೆ ನಲವತ್ತೆರಡು ಲಕ್ಷದ್ದೇ. ಯೋಗವೆಂದರೆ ಇಲ್ಲದ್ದನ್ನು ಪಡೆಯುವುದು, ಕ್ಷೇಮವೆಂದರೆ ಪಡೆದುದನ್ನು ಕಾಪಾಡುವುದು ಎಂದು ನಾವು ತರಗತಿಯಲ್ಲಿ ಅರ್ಥ ಹೇಳಿದ್ದೇ ಹೇಳಿದ್ದು. ಎರಡನೆಯ ಪದದ ತೂಕ ಗೊತ್ತಾದದ್ದು ಆ ಅಂಗಡಿಯ ಸ್ಟೂಲಿನ ಮೇಲೆ.

ತಣ್ಣೀರಿನ ಸಾಮಾನುಗಳಿಗೂ ಕೂಲಿಗೂ 31,000, ಎರಡು ಗಾಳಿಚೀಲಕ್ಕೆ 56,000. ಇದರೊಡನೆ ಮೇಸ್ತ್ರಿಯು, ಗೇರುಪೆಟ್ಟಿಗೆಯ ಎಣ್ಣೆ ಎಂದಾದರೂ ಬದಲಾಗಿದೆಯೇ ಎಂದು ಕೇಳಿದನು. ಜನ್ಮಪರ್ಯಂತ ಬದಲಾಯಿಸಬೇಕಾಗಿಲ್ಲವೆಂದು ಮಾರಾಟಗಾರರು ಹೇಳುವುದುಂಟು. ಗೇರುಪೆಟ್ಟಿಗೆಗಳನ್ನು ತಯಾರಿಸುವ ಜರ್ಮನಿಯ ಝಡ್‌ಎಫ್ ಸಂಸ್ಥೆಯು 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಾಯಿಸಬೇಕೆನ್ನುತ್ತದೆ. ಇದನ್ನು ತಿಳಿಯಲು ಗಾಡಿಯ ಗೂಡಿನಲ್ಲಿದ್ದ ಅಣ್ಣನವರ ಲೆಕ್ಕದ ಪುಸ್ತಕವನ್ನು ತೆಗೆದೆವು.

ಮುತ್ತಿನಂಥ ಅಕ್ಷರ. 2008ರಿಂದ ಪ್ರತಿಯೊಂದು ಎಣ್ಣೆ, ಪ್ರತಿಯೊಂದು ಬೆಲ್ಟು, ದಿನಾಂಕ, ಕಿಲೋಮೀಟರು. 2018ರಲ್ಲಿ ಹೀಗೆ ಬರೆದಿದ್ದರು: "80,000 ಆಯಿತು. ಗೇರು ಎಣ್ಣೆ ಮುಂದಿನ ತಿಂಗಳು." ಮುಂದಿನ ತಿಂಗಳಿನಲ್ಲಿ ಅದರ ಸುದ್ದಿಯಿಲ್ಲ. ಅಲ್ಲಿಂದಾಚೆಗೆ ರಿಪೇರಿಯ ಲೆಕ್ಕವೇ ನಿಂತು ಪೆಟ್ರೋಲಿನ ಲೆಕ್ಕ ಮಾತ್ರ ಉಳಿದಿದ್ದಿತು. ಮೂರು ವಾರಕ್ಕೊಮ್ಮೆ ಒಂದೇ ಊರಿನ ಹೆಸರು: ಮಣಿಪಾಲ, ಮಣಿಪಾಲ, ಮಣಿಪಾಲ. ಅಣ್ಣನವರ ಕಾಯಿಲೆ ನಮಗೆಲ್ಲ ತಿಳಿದದ್ದು 2020ರ ಕೊನೆಯಲ್ಲಿ. ಅದಕ್ಕೆ ಎರಡು ವರ್ಷ ಮೊದಲಿನಿಂದ ಅವರು ಒಬ್ಬರೇ ಈ ಘಟ್ಟವನ್ನು ಇಳಿದು ಆಸ್ಪತ್ರೆಗೆ ಹೋಗಿಬರುತ್ತಿದ್ದರು. ಮನೆಯಲ್ಲಿ ಸ್ನೇಹಿತರ ಕೆಲಸವೆಂದು ಹೇಳಿದ್ದರಂತೆ.

ಪುಸ್ತಕವನ್ನು ಅತ್ತಿಗೆಯವರ ಕೈಗೆ ಕೊಡಬೇಕೋ ಬೇಡವೋ ಎಂದು ಒಂದು ವಾರ ತೊಳಲಿದೆವು, ಕಡೆಗೆ ಕೊಟ್ಟೆವು. ಆ ಪುಟಗಳನ್ನು ಬಹಳ ಹೊತ್ತು ನೋಡಿದರು. "ಬಂದ ದಿನ ರಾತ್ರಿ ಮಜ್ಜಿಗೆ ಮಾತ್ರ ಕುಡಿಯುತ್ತಿದ್ದರು. ಹೋಟೆಲಿನಲ್ಲಿ ತಿಂದಿದ್ದಾರೆ ಅಂದುಕೊಂಡಿದ್ದೆ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇದುವರೆಗೆ ಎಷ್ಟಾಯಿತು, ಸರಿಯಾಗಿ ಹೇಳಿ," ಎಂದು ಕೇಳಿದರು. ಗೇರು ಎಣ್ಣೆಯ 24,000ವೂ ಸೇರಿ, ನೋಂದಣಿ ವಿಮೆಗಳನ್ನು ಬಿಟ್ಟು, 1,94,500. ಅವರ ಠೇವಣಿಯ ಬಡ್ಡಿ ತಿಂಗಳಿಗೆ 19,000. ಹತ್ತು ತಿಂಗಳ ಸಂಸಾರ ಆ ಗಾಡಿಯೊಳಗೆ ಹೋಗಿದ್ದಿತು. ಅಡ್ಡ ಬಂದವರು ನಾವಾದುದರಿಂದ ಅರ್ಧವನ್ನು ನಾವು ಕೊಡುವೆವೆಂದೆವು, ಅವರು ಒಪ್ಪಲಿಲ್ಲ. "ನಾನೇ ಬೇಕೆಂದು ಹೋದದ್ದು. ಇನ್ನು ಕೊಟ್ಟುಬಿಡಿ," ಎಂದರು.

2024ರ ಮಾರ್ಚಿ ತಿಂಗಳಿನಲ್ಲಿ ಗಾಡಿಯನ್ನು 2,75,000ಕ್ಕೆ ಮಾರಿದೆವು. ಕೊಳ್ಳಬಂದ ತರುಣನು ತಿಳಿದವನು. ತಳಕ್ಕೆ ಬಗ್ಗಿ ನೋಡಿದನು, ರಾತ್ರಿಯೆಲ್ಲ ನಿಲ್ಲಿಸಿ ಕುಸಿಯುವುದೇ ಎಂದು ಪರೀಕ್ಷಿಸಿದನು, ಕೊನೆಗೆ ಲೆಕ್ಕದ ಪುಸ್ತಕವನ್ನೂ ಕೇಳಿದನು. ಕೇಳಿದ್ದು ನ್ಯಾಯವೇ, ಹಳೆಯ ಗಾಡಿಗೆ ಅದಕ್ಕಿಂತ ಒಳ್ಳೆಯ ಜಾತಕವಿಲ್ಲ. ಅತ್ತಿಗೆಯವರು ನಮ್ಮ ಮುಖವನ್ನು ನೋಡಿದರು. ನಾಲ್ಕು ದಿನ ಅವಕಾಶ ಬೇಡಿ, ಮೂರು ಮಧ್ಯಾಹ್ನ ಜಗಲಿಯಲ್ಲಿ ಕುಳಿತು, 2008ರಿಂದ 2018ರವರೆಗಿನ ಪುಟಗಳನ್ನು ನಾವು ಬೇರೊಂದು ಪುಸ್ತಕಕ್ಕೆ ಕೈಯಾರೆ ನಕಲು ಮಾಡಿದೆವು. ಅತ್ತಿಗೆಯವರು ಓದಿ ಹೇಳುತ್ತಿದ್ದರು. ನಕಲು ಗಾಡಿಯೊಡನೆ ಹೋಯಿತು.