ಕಿಟಕಿ ಸೀಟಿಗೆ ಎಷ್ಟು?

ನಾವು ಹುಡುಗರಾಗಿದ್ದಾಗ ಬಸ್ಸಿನ ಸೀಟು ಹಿಡಿಯಲು ಬೇಕಾಗಿದ್ದುದು ಒಂದು ಟವೆಲ್. ದಾವಣಗೆರೆ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಓಡಿಹೋಗಿ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ನಮ್ಮದು. ಟವೆಲ್ ಇಲ್ಲದವರು ಛತ್ರಿ ಹಾಕುತ್ತಿದ್ದರು, ಅದೂ ಇಲ್ಲದವರು ಮನೆಯ ಚಿಕ್ಕ ಹುಡುಗನನ್ನೇ ಕಿಟಕಿಯಿಂದ ತೂರಿಸುತ್ತಿದ್ದರು. ನಮ್ಮ ಮನೆಯಲ್ಲಿ ಆ ಚಿಕ್ಕ ಹುಡುಗ ನಾನು. ಅದಕ್ಕೆಂದು ಯಾವ ಕಂಡಕ್ಟರೂ ಬೇರೆ ಕಾಸು ಕೇಳಿದ್ದಿಲ್ಲ.

ಕಳೆದ ದಸರಾ ರಜೆಗೆ ಬಂದಿದ್ದ ಒಂಬತ್ತು ವರ್ಷದ ಮೊಮ್ಮಗಳನ್ನು ದೆಹಲಿಗೆ ಬಿಟ್ಟುಬರಲು ನಾನು, ನಮ್ಮಾಕೆ ಹೊರಟೆವು. ಬೆಂಗಳೂರಿನಿಂದ ವಿಮಾನ. ಟಿಕೆಟ್ ದುಡ್ಡು ಕಟ್ಟಿದ ಮೇಲೆ ಮೊಬೈಲಿನಲ್ಲಿ ಸೀಟುಗಳ ನಕ್ಷೆ ಬಂತು. ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ, ಒಂದೊಂದು ರೇಟು. ಹಿಂದಿನ ಸಾಲಿನ ನಡುವಿನ ಸೀಟು ಅಗ್ಗ, ಕಿಟಕಿ ದುಬಾರಿ, ಮುಂದಿನ ಸಾಲು ಇನ್ನೂ ದುಬಾರಿ.

"ಅಜ್ಜ, ಟಿಕೆಟ್ ತಗೊಂಡಾಯ್ತಲ್ಲ, ಮತ್ತೆ ಸೀಟಿಗ್ಯಾಕೆ ದುಡ್ಡು? ವಿಮಾನದಲ್ಲಿ ನಿಂತ್ಕೊಂಡು ಹೋಗೋರೂ ಇರ್ತಾರಾ?" ಅಂದಳು ಮೊಮ್ಮಗಳು.

ನ್ಯಾಯವಾದ ಪ್ರಶ್ನೆ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಶುಲ್ಕದ ಪಟ್ಟಿ ಕಂಡರೆ ಸಿಟ್ಟಿಗಿಂತ ಮೊದಲು ಕುತೂಹಲ ಹುಟ್ಟುತ್ತದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಮಕ್ಕಳೇ.

ಹಿಂದೆ ವಿಮಾನದ ಟಿಕೆಟ್ ಎಂದರೆ ಮದುವೆ ಊಟದ ಹಾಗೆ. ಸೀಟು, ಊಟ, ಪೆಟ್ಟಿಗೆ ಎಲ್ಲ ಒಂದೇ ಎಲೆಯಲ್ಲಿ. ದರವೂ ಹಾಗೇ ಇತ್ತು, ನಮ್ಮಂಥವರು ಕತ್ತೆತ್ತಿ ನೋಡುವುದಷ್ಟೇ. 2003ರಲ್ಲಿ ನಮ್ಮ ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿ ಈ ಲೆಕ್ಕ ಬದಲಿಸಿದರು. ದರ ಕಡಿಮೆ, ಆದರೆ ಪುಕ್ಕಟೆ ಊಟ ಇಲ್ಲ, ಹಸಿವಾದವರು ಕೊಂಡು ತಿನ್ನಬೇಕು. ಆಮೇಲೆ ಎಲ್ಲರೂ ಒಂದೊಂದನ್ನೇ ಬಿಡಿಸಿ ಮಾರತೊಡಗಿದರು. 2013ರಲ್ಲಿ ವಿಮಾನಯಾನದ ಮೇಲ್ವಿಚಾರಣೆ ನೋಡುವ ಡಿಜಿಸಿಎ, ನಮಗೆ ಬೇಕಾದ ಸೀಟು ಆರಿಸಿಕೊಳ್ಳುವುದಕ್ಕೆ ಬೇರೆ ಶುಲ್ಕ ಪಡೆಯಲು ಕಂಪನಿಗಳಿಗೆ ಅನುಮತಿ ಕೊಟ್ಟಿತು.

ನನ್ನ ವಯಸ್ಸಿನವರು ಇಲ್ಲಿ ಒಂದು ಮಾತು ಗಮನಿಸಬೇಕು. ಆ ಶುಲ್ಕ ಬೇಕೆಂದವರಿಗೆ ಮಾತ್ರ. ಯಾವ ಸೀಟನ್ನೂ ಆರಿಸದೆ ಬಿಟ್ಟರೂ ಹೊರಡುವ ಮೊದಲು ನಮಗೊಂದು ಸೀಟು ತಾನಾಗಿ ಸಿಗುತ್ತದೆ. ಮೊಬೈಲ್ ಮಾತ್ರ ಇದನ್ನು ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಮುಂದೆ ಹೋಗುವ ಗುಂಡಿಯನ್ನು ಕನ್ನಡಕ ಹಾಕಿಕೊಂಡು ಹುಡುಕಬೇಕು. ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ, ಒಂದೇ ಪಿಎನ್‌ಆರ್‌ನಲ್ಲಿ ಹೊರಟ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದರೂ ಸೀಟು ಕೊಡಬೇಕೆಂದು 2024ರ ಏಪ್ರಿಲ್‌ನಲ್ಲಿ ಡಿಜಿಸಿಎ ಹೇಳಿದೆ.

ಹಾಗಾಗಿ ಮೊಮ್ಮಗಳ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ನಮ್ಮಾಕೆಯ ಮೊಣಕಾಲಿನದು. ಆಪರೇಷನ್ ಆಗಿ ಎಂಟು ತಿಂಗಳು. ಕಾಲು ಮಡಚಿಕೊಂಡು ಬಹಳ ಹೊತ್ತು ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು. ದೆಹಲಿಗೆ ಹೆಚ್ಚುಕಡಿಮೆ ಮೂರು ಗಂಟೆ. "ತುರ್ತು ಬಾಗಿಲಿನ ಹತ್ರ ಜಾಗ ಜಾಸ್ತಿ ಇದೆ ನೋಡಿ ಅಜ್ಜ" ಎಂದು ಮೊಮ್ಮಗಳು ಬೆರಳಿಟ್ಟು ತೋರಿಸಿದಳು. ಅದು ಆಗದ ಮಾತು. ಅಪಾಯ ಬಂದರೆ ಆ ಬಾಗಿಲು ತೆಗೆಯಲು ನೆರವಾಗಬೇಕಾದವರು ಅಲ್ಲಿ ಕೂತವರೇ. ಮಕ್ಕಳನ್ನೂ ಕಾಲುನೋವಿನವರನ್ನೂ ಅಲ್ಲಿ ಕೂರಿಸುವುದಿಲ್ಲ, ದುಡ್ಡು ಕೊಟ್ಟರೂ. ಕೊನೆಗೆ ಆಕೆಗೆ ಮಾತ್ರ ಓಡಾಡುವ ದಾರಿಯ ಪಕ್ಕದ ಸೀಟಿಗೆ 450 ರೂಪಾಯಿ ಕಟ್ಟಿದೆ. ನಾವಿಬ್ಬರು ಕೊಟ್ಟ ಕಡೆ ಕೂರುವುದೆಂದಾಯಿತು.

ದೇವನಹಳ್ಳಿಯ ಕೌಂಟರಿನಲ್ಲಿ ಕೂತಿದ್ದ ಹುಡುಗಿ ನಮ್ಮಾಕೆಯ ಊರುಗೋಲು ನೋಡಿ, "ಸರ್, ಬಿಸಿನೆಸ್ ಕ್ಲಾಸ್‌ನಲ್ಲಿ ಒಂದು ಸೀಟು ಖಾಲಿ ಇದೆ. ಒಂಬತ್ತು ಸಾವಿರ ಕಟ್ಟಿದರೆ ಅಪ್‌ಗ್ರೇಡ್ ಮಾಡ್ತೀನಿ" ಅಂದಳು.

ಮೊದಲೇ ಕೊಂಡಿದ್ದರೆ ಆ ಸೀಟಿಗೆ ಎಷ್ಟೋ ಹೆಚ್ಚಾಗುತ್ತಿತ್ತು. ಈಗ ಯಾಕೆ ಇಳಿಯಿತು? ಸಂಜೆ ಹೂವಿನವಳು ಉಳಿದ ಮಲ್ಲಿಗೆಯನ್ನು ಮೊಳಕ್ಕೆ ಬದಲು ಮಾರಿಗೆ ಅಳೆದು ಕೊಡುವುದಿಲ್ಲವೇ, ಹಾಗೆ. ವಿಮಾನದ ಬಾಗಿಲು ಮುಚ್ಚಿದ ಮೇಲೆ ಖಾಲಿ ಸೀಟಿನಿಂದ ಮೂರು ಕಾಸೂ ಹುಟ್ಟುವುದಿಲ್ಲ. ಆದರೆ ಅಂಥ ಸೀಟು ಉಳಿದೇ ಇರುತ್ತದೆಂದು ನಂಬಿ ಹೋಗುವ ಹಾಗಿಲ್ಲ.

ನಾನು ಹಳೇ ಕಸುಬಿನ ಚಾಳಿಯಂತೆ ವಿಚಾರಿಸಿದೆ. ತೆರಿಗೆ ಸೇರಿದೆಯೇ? ಸೇರಿದೆ. (ಎಕಾನಮಿ ಟಿಕೆಟ್ಟಿಗೆ ಜಿಎಸ್‌ಟಿ ಶೇಕಡ 5, ಮೇಲಿನ ದರ್ಜೆಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18. ಕೇಳಿಕೊಳ್ಳುವುದು ಒಳ್ಳೆಯದು.) ಕಟ್ಟಿದ 450 ವಾಪಸು ಬರುತ್ತದೆಯೇ? ಇಲ್ಲ. ಲೌಂಜ್? ಅದೂ ಇಲ್ಲ. ಸೀಟು ಹಾಸಿಗೆಯಾಗುತ್ತದೆಯೇ? ಆಗುವುದಿಲ್ಲ, ಸ್ವಲ್ಪ ಹಿಂದಕ್ಕೆ ಬಾಗುತ್ತದೆ. ಹಾಸಿಗೆ ಸೀಟು ಹೆಚ್ಚಾಗಿ ದೂರದೇಶಕ್ಕೆ ಹೋಗುವ ದೊಡ್ಡ ವಿಮಾನಗಳಲ್ಲಿ. ಹಾಗಾದರೆ ಕೊಂಡುಕೊಳ್ಳುವುದು ಏನನ್ನು? ಎಕಾನಮಿಯಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ ಸುಮಾರು 28ರಿಂದ 31 ಅಂಗುಲ ಅಂತರ. ಇಲ್ಲಿ ಹತ್ತಿರ ಹತ್ತಿರ 40. ಒಟ್ಟಿನಲ್ಲಿ ಒಂಬತ್ತು ಹತ್ತು ಅಂಗುಲಕ್ಕೆ ಒಂಬತ್ತು ಸಾವಿರ. ಅಂಗುಲಕ್ಕೆ ಸಾವಿರದ ಹಾಗೆ ನಮ್ಮೂರಲ್ಲಿ ಸೈಟೂ ಮಾರುವುದಿಲ್ಲ.

"ಏನೂ ಬೇಡ್ರಿ. ಒಂಬತ್ತು ಸಾವಿರಕ್ಕೆ ಎರಡು ತಿಂಗಳ ಮಾತ್ರೆ ಬರ್ತಾವೆ" ಅಂದಳು ನಮ್ಮಾಕೆ.

ಆ ಲೆಕ್ಕ ಸರಿಯೇ. ನನ್ನ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಬೇರೆ. ಮದುವೆಯಾಗಿ ನಲವತ್ತಾರು ವರ್ಷ. ವರ್ಗವಾದಾಗಲೆಲ್ಲ ಊರೂರು ತಿರುಗಿದೆವು. ಬಸ್ಸಿನಲ್ಲಿ ಕಿಟಕಿ ಮಕ್ಕಳಿಗೆ, ಅದರ ಪಕ್ಕ ನಮ್ಮಮ್ಮನಿಗೆ, ಅಂಚಿನಲ್ಲಿ ಅರ್ಧ ಸೀಟು ಆಕೆಗೆ, ತೊಡೆಯ ಮೇಲೊಂದು ಚೀಲ. ಕಾಲು ಚಾಚಿ ಕೂತದ್ದನ್ನು ನಾನು ನೋಡಿಲ್ಲ.

"ಅಜ್ಜಿ, ಹೋಗಿ. ನಾನು ಅಜ್ಜನ್ನ ನೋಡ್ಕೋತೀನಿ" ಅಂದಳು ಮೊಮ್ಮಗಳು. ನಾನು ಕಾರ್ಡು ಕೊಟ್ಟೆ. ರಸೀದಿ ಬರುವ ತನಕ ನಮ್ಮಾಕೆ ನನ್ನ ಕಡೆ ನೋಡಲಿಲ್ಲ.

ನಮಗೆ ಸಿಕ್ಕಿದ್ದು ಇಪ್ಪತ್ತನಾಲ್ಕನೇ ಸಾಲು, ಮೊಮ್ಮಗಳಿಗೆ ಪುಕ್ಕಟೆಯಾಗಿ ಕಿಟಕಿ. ರೆಕ್ಕೆಯ ಹಿಂಭಾಗದಲ್ಲಿ ಬಾಗಿಲಿನಂಥ ಪಟ್ಟಿಗಳು ಏಳುವುದು, ಇಳಿಯುವುದು ಎಲ್ಲ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಮುಂದಿನ ಪರದೆಯ ಆಚೆ ಅಜ್ಜಿ ಏನು ಮಾಡುತ್ತಿರಬಹುದೆಂದು ಹತ್ತು ಸಲ ಕೇಳಿದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ದೆಹಲಿಯಲ್ಲಿ ನಾವು ಇಳಿಯುವ ಹೊತ್ತಿಗೆ ಆಕೆ ಆಗಲೇ ಹೊರಗೆ ನಿಂತಿದ್ದಳು, ಕೈಯಲ್ಲಿ ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿದ ಒಂದು ಮಿಠಾಯಿ. ಅದು ಮೊಮ್ಮಗಳ ಕೈಗೆ ಹೋಯಿತು.

"ಕಾಲು ಹೇಗಿದೆ?" ಅಂದೆ.

"ಕಾಲೇನೋ ಆರಾಮ್ ಇತ್ತು. ಪಕ್ಕದಾಗಿನ ಮನುಷ್ಯ ಕಿವಿಗೆ ಏನೋ ಸಿಗಿಸ್ಕೊಂಡು ಮಲಗಿಬಿಟ್ಟ. ಒಂದು ಮಾತಿಲ್ಲ, ಕತೆಯಿಲ್ಲ."

ವಾಪಸು ಬರುವಾಗ ನಾವಿಬ್ಬರೇ. ಅಲ್ಲಿನ ಕೌಂಟರಿನ ಹುಡುಗನೂ ಅಪ್‌ಗ್ರೇಡ್ ಬೇಕೇ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಮ್ಮಾಕೆ, "ನಹೀ ಬೇಟಾ" ಅಂದು, ಮುಂದಕ್ಕೆ ಕನ್ನಡದಲ್ಲೇ ಅವನಿಗೆ ವಿವರಿಸಿದಳು: ನಾಲ್ಕನೇ ಸಾಲಿನಲ್ಲಿ ದಾರಿಯ ಈಚೆ ಒಂದು, ಆಚೆ ಒಂದು ಸೀಟಿಗೆ ಆಗಲೇ ದುಡ್ಡು ಕಟ್ಟಿದ್ದೇವೆ, ಕಾಲನ್ನು ದಾರಿಗೆ ಚಾಚಬಹುದು, ಮಾತಿಗೆ ಇವರಿದ್ದಾರೆ. ಅವನಿಗೆ ಎಷ್ಟು ತಿಳಿಯಿತೋ, ನಕ್ಕು ಬೋರ್ಡಿಂಗ್ ಪಾಸ್ ಕೊಟ್ಟ.